ಹೆಬ್ಬೆರಳ ಗಂಟಿಗೆ ಯಾವ ಆಪರೇಷನ್? ಇಬ್ಬರು ಡಾಕ್ಟರು ಎರಡು ಮಾತು ಹೇಳಿದಾಗ

ಪ್ರಶ್ನೆ: ನನಗೆ 47 ವರ್ಷ. ದಾವಣಗೆರೆಯಲ್ಲಿ ಪ್ರೈಮರಿ ಶಾಲೆ ಟೀಚರ್. ಎರಡೂ ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದಿದೆ, ಬಲಗಾಲಲ್ಲಿ ಜಾಸ್ತಿ. ಅಮ್ಮನಿಗೂ ಹೀಗೇ ಇತ್ತು. ಈಗ ಹೆಬ್ಬೆರಳು ಎರಡನೇ ಬೆರಳನ್ನು ಒತ್ತುತ್ತಿದೆ. ಕಾಲುಂಗುರ ಬಿಗಿಯಾಗಿ ಗಾಯವಾಗಿದೆ. ಎರಡನೇ ಬೆರಳಿನ ಬುಡಕ್ಕೆ, ಅಂಗಾಲಲ್ಲಿ ದಡ್ಡು ಕಟ್ಟಿದೆ. ಎರಡು ಪೀರಿಯಡ್ ನಿಂತರೆ ಅಲ್ಲೇ ಉರಿ. ಅಗಲವಾದ ಚಪ್ಪಲಿ ಹಾಕಿದರೂ ಪೂರ್ತಿ ಕಡಿಮೆಯಾಗಿಲ್ಲ. ಇಲ್ಲಿನ ಎಲುಬು ಕೀಲು ಡಾಕ್ಟರು ಎಕ್ಸರೇ ನೋಡಿ, ಬೆರಳ ಹತ್ತಿರ ಎಲುಬು ಸ್ವಲ್ಪ ಕತ್ತರಿಸಿ ಸರಿಸಿದರೆ ಸಾಕು ಎಂದರು. ಬೆಂಗಳೂರಿನಲ್ಲಿ ತೋರಿಸಿದಾಗ ಅವರು ಬೇರೆ ಎಕ್ಸರೇ ತೆಗೆಸಿ, ಲ್ಯಾಪಿಡಸ್ ಮಾಡಬೇಕು, ಕೀಲು ಬೆಸೆಯಬೇಕು ಎಂದರು. ಕೀಲು ಬೆಸೆದರೆ ಬೆರಳು ಮಡಚಲು ಬರುವುದಿಲ್ಲ ಅಲ್ವಾ? ನಮ್ಮ ಅತ್ತಿಗೆ, ಸುಮ್ನೆ ಗಂಟು ಹೆರೆಸಿಕೋ ಅಂತಾರೆ. ಕೀಹೋಲ್ ಅಂತಲೂ ಕೇಳಿದ್ದೇನೆ. ನನಗೆ ಶುಗರ್ ಇದೆ, ಎಚ್‌ಬಿಎ1ಸಿ 8.4. ಯಾವುದನ್ನು ಒಪ್ಪಲಿ?

ಉತ್ತರ: ಮೇಡಂ, ನೀವು ಎರಡೂ ಎಕ್ಸರೇಗಳನ್ನು ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಗೊಂದಲದ ಅರ್ಧ ಉತ್ತರ ಅಲ್ಲೇ ಇದೆ.

ಮೊದಲನೇ ಎಕ್ಸರೇಯನ್ನು ನಿಮ್ಮನ್ನು ಟೇಬಲ್ ಮೇಲೆ ಮಲಗಿಸಿ ತೆಗೆದಿದ್ದಾರೆ. ಎರಡನೆಯದನ್ನು ನಿಲ್ಲಿಸಿ ತೆಗೆದಿದ್ದಾರೆ. ಮಲಗಿದಾಗ ತೆಗೆದದ್ದರಲ್ಲಿ ಹೆಬ್ಬೆರಳಿನ ಓರೆ 27 ಡಿಗ್ರಿ ಕಾಣುತ್ತದೆ, ಪಾದದ ಮೊದಲನೇ ಮತ್ತು ಎರಡನೇ ಉದ್ದ ಎಲುಬುಗಳ ನಡುವಿನ ಕೋನ 12. ನಿಂತಾಗ ತೆಗೆದದ್ದರಲ್ಲಿ ಅದೇ ಕಾಲು 34 ಮತ್ತು 15 ತೋರಿಸುತ್ತದೆ. ಸಾಮಾನ್ಯ ಕಾಲಿನಲ್ಲಿ ಬೆರಳಿನ ಓರೆ 15 ಡಿಗ್ರಿಯ ಒಳಗೆ, ಎಲುಬುಗಳ ನಡುವಿನ ಕೋನ 9ರ ಒಳಗೆ ಇರುತ್ತದೆ. ಪಾದದ ಮೇಲೆ ಮೈಭಾರ ಬಿದ್ದಾಗ ಎಲುಬುಗಳು ಅಗಲಿ ನಿಲ್ಲುತ್ತವೆ, ಆಗಲೇ ನಿಜವಾದ ಓರೆ ಕಾಣುವುದು. ಹಾಗಾಗಿ ಹೆಬ್ಬೆರಳ ಗಂಟಿನ ಆಪರೇಷನ್ ತೀರ್ಮಾನವನ್ನು ಮಲಗಿಸಿ ತೆಗೆದ ಎಕ್ಸರೇ ಮೇಲೆ ಮಾಡಬಾರದು. ಇಲ್ಲಿನ ಡಾಕ್ಟರು ಹೇಳಿದ್ದು ಅವರ ಕೈಯಲ್ಲಿದ್ದ ಚಿತ್ರಕ್ಕೆ ಸರಿಯಾಗಿಯೇ ಇದೆ. ನಿಂತು ತೆಗೆದ ಎಕ್ಸರೇ ಹಿಡಿದು ಅವರ ಹತ್ತಿರ ಇನ್ನೊಮ್ಮೆ ಹೋಗಿ. ಅವರ ಮಾತೂ ಬದಲಾಗಬಹುದು.

ಇನ್ನು ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡೋಣ. ಹೆಬ್ಬೆರಳ ಬುಡದಲ್ಲಿ ಕಾಣುವ ಗಂಟು ಹೊಸದಾಗಿ ಬೆಳೆದ ಎಲುಬಲ್ಲ. ಪಾದದ ಮೊದಲನೇ ಉದ್ದ ಎಲುಬು ಒಳಪಕ್ಕಕ್ಕೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ವಾಲಿದೆ. ಬೆರಳು ಅದರ ವಿರುದ್ಧ ದಿಕ್ಕಿಗೆ ಓರೆಯಾಗಿದೆ. ಆ ಮೂಲೆಯಲ್ಲಿ ಎಲುಬಿನ ತಲೆ ಹೊರಗೆ ಎದ್ದು ಕಾಣುತ್ತದೆ, ಅಷ್ಟೇ. ಬಾಗಿಲು ಜೋತುಬಿದ್ದು ಚೌಕಟ್ಟಿಗೆ ಉಜ್ಜುತ್ತಿದ್ದರೆ ಮರ ಹೆರೆದು ಪ್ರಯೋಜನವಿಲ್ಲ, ಬಿಜಾಗರಿ ನೋಡಬೇಕು. ನಿಮ್ಮ ಅತ್ತಿಗೆ ಹೇಳುವ ಹಾಗೆ ಗಂಟು ಮಾತ್ರ ಹೆರೆದರೆ ಒಂದೆರಡು ವರ್ಷದಲ್ಲಿ ಮತ್ತೆ ಬರುವ ಸಾಧ್ಯತೆ ಬಹಳ. ಓಡಾಟ ತೀರಾ ಕಡಿಮೆಯಿರುವ ವಯಸ್ಸಾದವರಿಗೆ, ಗಂಟಿನ ಮೇಲಿನ ಚರ್ಮ ಒಡೆದು ಹುಣ್ಣಾಗುತ್ತಿದ್ದರೆ ಅದೊಂದು ದಾರಿ. ನಿಮಗೆ ಬೇಡ.

ಆಪರೇಷನ್ ಬೇಕೇ ಎನ್ನುವ ಪ್ರಶ್ನೆಯನ್ನು ನೀವು ಕೇಳಿಲ್ಲ. ನಾನು ಕೇಳಲೇಬೇಕು. ಕಾಲು ಚೆಂದ ಕಾಣಲಿ ಎಂದು ಈ ಆಪರೇಷನ್ ಮಾಡಿಸಿಕೊಳ್ಳಬಾರದು. ನೋವಿಲ್ಲದ ಗಂಟನ್ನು ಹಾಗೇ ಬಿಡಿ ಎಂದು ನಾನು ಹೇಳುತ್ತೇನೆ. ನಿಮಗೆ ನೋವಿದೆ, ದಡ್ಡು ಕಟ್ಟಿದೆ, ಎರಡನೇ ಬೆರಳು ಹಾಳಾಗುತ್ತಿದೆ. ಆದರೂ ಚಪ್ಪಲಿ ವಿಷಯ ಒಮ್ಮೆ ಪರೀಕ್ಷೆ ಮಾಡಿ. ಒಂದು ಪೇಪರ್ ನೆಲಕ್ಕೆ ಹಾಸಿ, ಅದರ ಮೇಲೆ ಭಾರ ಹಾಕಿ ನಿಂತು, ಬೇರೆಯವರ ಕೈಲಿ ಪಾದದ ಸುತ್ತ ಪೆನ್ಸಿಲ್ ಗೀಟು ಎಳೆಸಿ. ಆ ಗೀಟಿನ ಮೇಲೆ ನಿಮ್ಮ ಶಾಲೆ ಚಪ್ಪಲಿ ಇಡಿ. ಗೀಟು ಚಪ್ಪಲಿಯಿಂದ ಆಚೆ ಕಂಡರೆ ಅದು ನಿಮ್ಮ ಕಾಲಿಗೆ ಅಗಲವಲ್ಲ, ಅಂಗಡಿಯವರು ಏನೇ ಹೇಳಲಿ. ಮುಂಭಾಗ ಅಗಲವಿರುವ, ಮೇಲ್ಭಾಗ ಮೆತ್ತಗಿರುವ, ಅಡಿ ಸುಲಭಕ್ಕೆ ಬಾಗದ ಶೂ ಹಾಕಿ ಎರಡು ಮೂರು ತಿಂಗಳು ನೋಡಬೇಕು. ದಡ್ಡಿನ ಹಿಂದೆ ಸಣ್ಣ ಮೆತ್ತೆ ಬರುವ ಹಾಗೆ ಇನ್‌ಸೋಲ್ ಮಾಡಿಸಬಹುದು.

ಆನ್‌ಲೈನಲ್ಲಿ ಸಿಗುವ, ರಾತ್ರಿ ಕಟ್ಟಿಕೊಳ್ಳುವ ಪಟ್ಟಿಗಳು ಬೆರಳನ್ನು ಶಾಶ್ವತವಾಗಿ ನೆಟ್ಟಗೆ ಮಾಡುವುದಿಲ್ಲ. ಕಟ್ಟಿದಷ್ಟು ಹೊತ್ತು ಹಾಯೆನಿಸಬಹುದು. ನಿಮಗೆ ಶುಗರ್ ಇರುವುದರಿಂದ ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳನ್ನು ಬಳಸಲೇಬೇಡಿ, ಚರ್ಮ ಉಜ್ಜಿ ಗಾಯವಾದರೆ ಗೊತ್ತಾಗುವುದೂ ತಡ, ಮಾಯುವುದೂ ತಡ. ಫಿನ್‌ಲೆಂಡಿನಲ್ಲಿ 209 ಜನರ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕೆಲವರಿಗೆ ಆಪರೇಷನ್, ಕೆಲವರಿಗೆ ಶೂ ಒಳಗಿಡುವ ಇನ್‌ಸೋಲ್, ಉಳಿದವರು ಕಾಯುವುದು. ಆರು ತಿಂಗಳಿಗೆ ಇನ್‌ಸೋಲ್‌ನವರಿಗೂ ನೋವು ಕಡಿಮೆಯಾಗಿತ್ತು. ವರ್ಷದ ಹೊತ್ತಿಗೆ ಮಾತ್ರ ಆಪರೇಷನ್ ಆದವರೇ ಮುಂದಿದ್ದರು. ಅಂದರೆ ಕಾಯುವುದರಿಂದ ನಿಮಗೆ ನಷ್ಟವಿಲ್ಲ. ಕಾದೂ ನೋವು ಹೋಗದಿದ್ದರೆ ಆಪರೇಷನ್‌ಗೆ ಹೋಗುವುದರಲ್ಲಿ ತಪ್ಪೂ ಇಲ್ಲ.

ಈಗ ಯಾವುದು ಎನ್ನುವ ಪ್ರಶ್ನೆಗೆ ಬರೋಣ.

ಹೆಬ್ಬೆರಳ ಗಂಟಿಗೆ ನೂರಕ್ಕೂ ಹೆಚ್ಚು ಬಗೆಯ ಆಪರೇಷನ್‌ಗಳ ವಿವರಣೆ ಪುಸ್ತಕಗಳಲ್ಲಿದೆ. ಅಷ್ಟೊಂದು ಇರುವುದಕ್ಕೆ ಕಾರಣ, ಎಲ್ಲ ಕಾಲಿಗೂ ಒಗ್ಗುವ ಒಂದು ಆಪರೇಷನ್ ಇಲ್ಲ. ಆದರೆ ನಿಮ್ಮಂಥ ಕಾಲಿಗೆ ನಿಜವಾಗಿ ಯೋಚಿಸಬೇಕಾದ್ದು ಎರಡೇ ದಾರಿ: ಎಲುಬು ಕತ್ತರಿಸಿ ಸರಿಸುವುದು, ಇಲ್ಲವೇ ಅದರ ಬುಡದ ಕೀಲು ಬೆಸೆಯುವುದು.

ಮೊದಲು, ಇಲ್ಲಿನ ಡಾಕ್ಟರು ಹೇಳಿದ್ದು. ಅದರ ಹೆಸರು ಶೆವ್ರಾನ್. ಮೊದಲನೇ ಉದ್ದ ಎಲುಬಿನ ತುದಿಯಲ್ಲಿ ವಿ ಆಕಾರಕ್ಕೆ ಕತ್ತರಿಸಿ, ತಲೆಯನ್ನು ಕೆಲವು ಮಿಲಿಮೀಟರ್ ಸರಿಸಿ, ಸ್ಕ್ರೂ ಹಾಕುತ್ತಾರೆ. ಓರೆ ಕಡಿಮೆ ಇದ್ದಾಗ ತುಂಬ ಒಳ್ಳೆಯ ಆಪರೇಷನ್. ಎಲುಬುಗಳ ನಡುವಿನ ಕೋನ 15ರ ಹತ್ತಿರ ಬಂದಾಗ ಅದರ ಕೈ ಮುಗಿಯುತ್ತಾ ಬರುತ್ತದೆ. ತಲೆಯನ್ನು ಸರಿಸಲು ಎಲುಬಿನ ಅಗಲ ಇರುವುದೇ ಅಷ್ಟು. ಆಗ ಅದೇ ಎಲುಬಿನ ಉದ್ದಕ್ಕೂ ಝಡ್ ಆಕಾರದಲ್ಲಿ ಕತ್ತರಿಸಿ ಕೆಳಗಿನ ಭಾಗವನ್ನೇ ಪಕ್ಕಕ್ಕೆ ಸರಿಸುವ ಸ್ಕಾರ್ಫ್ ಎಂಬ ಆಪರೇಷನ್ ಮಾಡುತ್ತಾರೆ. ಇದರಲ್ಲಿ ಜಾಸ್ತಿ ಸರಿಸಬಹುದು, ಎರಡು ಸ್ಕ್ರೂ ಹಾಕಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಬೆರಳು ಇನ್ನೂ ಸ್ವಲ್ಪ ಓರೆ ಉಳಿದರೆ ಬೆರಳಿನ ಎಲುಬಲ್ಲೇ ಸಣ್ಣ ಬೆಣೆಯಷ್ಟು ತೆಗೆದು ನೆಟ್ಟಗೆ ಮಾಡುವುದು ಏಕಿನ್. ಸ್ಕಾರ್ಫ್ ಮತ್ತು ಏಕಿನ್ ಒಟ್ಟಿಗೇ ಮಾಡುವುದು ಸಾಮಾನ್ಯ. ನಿಮ್ಮ ಕೋನಗಳಿಗೆ ಇದು ಹೊಂದುತ್ತದೆ.

ಎರಡನೆಯದು ಲ್ಯಾಪಿಡಸ್. ನ್ಯೂಯಾರ್ಕಿನ ಡಾಕ್ಟರ್ ಪಾಲ್ ಲ್ಯಾಪಿಡಸ್ 1934ರಲ್ಲಿ ಬರೆದದ್ದರಿಂದ ಆ ಹೆಸರು. ಇಲ್ಲಿ ಎಲುಬಿನ ತುದಿಯನ್ನು ಮುಟ್ಟುವ ಬದಲು ಅದರ ಬುಡಕ್ಕೆ ಹೋಗುತ್ತಾರೆ. ಪಾದದ ನಡುವೆ, ಚಪ್ಪಲಿಯ ಪಟ್ಟಿ ಬರುವ ಜಾಗಕ್ಕಿಂತ ಹಿಂದೆ ಒಂದು ಕೀಲಿದೆ. ಮೊದಲನೇ ಉದ್ದ ಎಲುಬು ವಾಲುವುದು ಅಲ್ಲಿಂದ. ಆ ಕೀಲಿನ ಮೃದ್ವಸ್ಥಿ ತೆಗೆದು, ಎಲುಬನ್ನು ನೆಟ್ಟಗೆ ತಂದು, ಸ್ಕ್ರೂ ಅಥವಾ ಪ್ಲೇಟ್ ಹಾಕಿ ಬೆಸೆಯುತ್ತಾರೆ.

ನಿಮ್ಮ ಭಯ ಇಲ್ಲೇ ಇರುವುದು. ದಯವಿಟ್ಟು ಗಮನಿಸಿ: ಲ್ಯಾಪಿಡಸ್‌ನಲ್ಲಿ ಬೆಸೆಯುವುದು ಬೆರಳಿನ ಕೀಲನ್ನಲ್ಲ. ಬೆಸೆಯುವ ಕೀಲು ಮೊದಲೇ ಬಹಳ ಕಡಿಮೆ ಅಲುಗಾಡುವಂಥದ್ದು. ಅದು ಕೂಡಿಕೊಂಡರೂ ಹೆಬ್ಬೆರಳು ಮಡಚುತ್ತದೆ, ತುದಿಗಾಲಲ್ಲಿ ಕೂತು ರಂಗೋಲಿ ಹಾಕಬಹುದು, ಮಕ್ಕಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಬರೆಸಬಹುದು. ಬೆರಳಿನ ಕೀಲನ್ನೇ ಬೆಸೆಯುವ ಆಪರೇಷನ್ ಬೇರೆ ಇದೆ. ಕೀಲು ಪೂರ್ತಿ ಸವೆದವರಿಗೆ, ರುಮಟಾಯ್ಡ್ ವಾತದವರಿಗೆ, ತೀರಾ ಓರೆಯಾದವರಿಗೆ ಅದು. ಅದನ್ನು ಮಾಡಿಸಿಕೊಂಡವರು ಆರಾಮವಾಗಿ ನಡೆಯುತ್ತಾರೆ, ಆದರೆ ತುದಿಗಾಲಲ್ಲಿ ಕೂರುವುದು ಕಷ್ಟ. ನಿಮ್ಮ ಎಕ್ಸರೇಯಲ್ಲಿ ಬೆರಳಿನ ಕೀಲಿನ ಸಂದು ಚೆನ್ನಾಗಿ ಉಳಿದಿದೆ, ಅದು ಬೇಕಿಲ್ಲ. ಇಬ್ಬರು ಪೇಷೆಂಟುಗಳು "ಕೀಲು ಬೆಸೆದರು" ಎಂದು ಹೇಳಿದರೆ ಒಂದೇ ಆಪರೇಷನ್ ಆಗಿರಬೇಕಿಲ್ಲ. ಯಾವ ಕೀಲು ಎಂದು ಕೇಳಿ.

ಹಾಗಾದರೆ ಸ್ಕಾರ್ಫೋ ಲ್ಯಾಪಿಡಸ್ಸೋ? ಇದನ್ನು ತೀರ್ಮಾನಿಸುವುದು ಆ ಬುಡದ ಕೀಲು ಎಷ್ಟು ಸಡಿಲವಾಗಿದೆ ಎಂಬುದು. ಇದು ಬರೀ ಎಕ್ಸರೇ ನೋಡಿದರೆ ಗೊತ್ತಾಗುವುದಿಲ್ಲ, ಕೈಯಿಂದ ನೋಡಬೇಕು. ಡಾಕ್ಟರು ಒಂದು ಕೈಯಲ್ಲಿ ಪಾದದ ಎರಡನೇ ಎಲುಬನ್ನು ಹಿಡಿದು, ಇನ್ನೊಂದು ಕೈಯಲ್ಲಿ ಮೊದಲನೇ ಎಲುಬನ್ನು ಮೇಲೆ ಕೆಳಗೆ ಆಡಿಸುತ್ತಾರೆ. ತೀರಾ ಸಡಿಲವಾಗಿದ್ದರೆ ನಿಮಗೇ ಗೊತ್ತಾಗುತ್ತದೆ. ನಿಂತು ತೆಗೆದ ಪಕ್ಕದ ಎಕ್ಸರೇಯಲ್ಲಿ ಆ ಕೀಲಿನ ಕೆಳಗಡೆ ಸಂದು ಬಿಟ್ಟುಕೊಂಡಿದೆಯೇ ಎಂದೂ ನೋಡುತ್ತಾರೆ. ನೀವು ಕಳಿಸಿದ್ದರಲ್ಲಿ ಪಕ್ಕದ ಎಕ್ಸರೇ ಇಲ್ಲ.

ಆದರೂ ಒಂದು ಸುಳಿವು ನಿಮ್ಮ ಪತ್ರದಲ್ಲೇ ಇದೆ, ಎರಡನೇ ಬೆರಳಿನ ಬುಡದ ದಡ್ಡು. ನಡೆಯುವಾಗ ಮುಂಗಾಲಿನ ಭಾರ ಹೆಚ್ಚಾಗಿ ಹೊರಬೇಕಾದ್ದು ಹೆಬ್ಬೆರಳಿನ ಸಾಲು. ಅದು ಸಡಿಲವಾಗಿ ಮೇಲಕ್ಕೆ ಜಾರಿಕೊಂಡರೆ ಭಾರ ಪಕ್ಕದ ತೆಳ್ಳಗಿನ ಎಲುಬಿನ ಮೇಲೆ ಬೀಳುತ್ತದೆ. ಅಲ್ಲಿ ದಡ್ಡು ಕಟ್ಟುತ್ತದೆ. ಕ್ಲಾಸಲ್ಲಿ ನಿಂತಾಗ ನಿಮಗೆ ಉರಿಯುವುದು ಗಂಟಲ್ಲ, ಈ ಜಾಗ. ಗಂಟಿನ ಆಪರೇಷನ್ ಆಗಿ ಬೆರಳು ನೆಟ್ಟಗಾಗಿ, ಈ ನೋವು ಹಾಗೇ ಉಳಿದರೆ ನಿಮಗೆ ಸಮಾಧಾನವಾಗುವುದಿಲ್ಲ. ಅದಕ್ಕೇ ಬೆಂಗಳೂರಿನ ಡಾಕ್ಟರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬುಡದ ಕೀಲು ಸಡಿಲವಾಗಿದ್ದರೆ ಲ್ಯಾಪಿಡಸ್ ಮಾಡಿಸಿಕೊಳ್ಳಿ. ಗಟ್ಟಿಯಾಗಿದ್ದರೆ ಸ್ಕಾರ್ಫ್ ಮತ್ತು ಏಕಿನ್ ಸಾಕು, ಚೇತರಿಕೆಯೂ ಬೇಗ. ದಡ್ಡು ಕಟ್ಟುವುದಕ್ಕೆ ಎರಡನೇ ಎಲುಬು ಉದ್ದವಾಗಿರುವುದೂ ಕಾರಣವಿರಬಹುದು, ಹಾಗಿದ್ದರೆ ಅದನ್ನೂ ಸ್ವಲ್ಪ ಗಿಡ್ಡ ಮಾಡಬೇಕಾಗುತ್ತದೆ. ಆಪರೇಷನ್ ಮುಂಚೆಯೇ "ಈ ದಡ್ಡಿಗೆ ಏನು ಮಾಡುತ್ತೀರಿ?" ಎಂದು ಬೆರಳಿಟ್ಟು ತೋರಿಸಿ ಕೇಳಿ. ಇಬ್ಬರಲ್ಲಿ ಯಾರು ಇದಕ್ಕೆ ಬಿಡಿಸಿ ಉತ್ತರ ಕೊಡುತ್ತಾರೋ ಅವರ ಕಡೆ ಹೋಗಲು ನಾನು ಹೇಳುತ್ತೇನೆ.

ಕೀಹೋಲ್ ಬಗ್ಗೆ ಕೇಳಿದ್ದೀರಿ. ಅದರಲ್ಲೂ ಎಲುಬು ಕತ್ತರಿಸಿಯೇ ಕತ್ತರಿಸುತ್ತಾರೆ. ಕೆಲವೇ ಮಿಲಿಮೀಟರಿನ ತೂತುಗಳಲ್ಲಿ ಬರ್ ಎಂಬ, ತಿರುಗುತ್ತಾ ಎಲುಬು ಕೊರೆಯುವ ಸಣ್ಣ ಮೊನೆ ತೂರಿಸಿ, ಆಪರೇಷನ್ ನಡೆಯುವಾಗಲೇ ಚಿತ್ರ ತೋರಿಸುವ ಸಿ-ಆರ್ಮ್ ಎಕ್ಸರೇಯಲ್ಲಿ ನೋಡುತ್ತಾ ಮಾಡುತ್ತಾರೆ. ಗಾಯದ ಗುರುತು ಚಿಕ್ಕದು, ಮೊದಲ ದಿನಗಳ ನೋವು ಕಡಿಮೆ ಇರಬಹುದು. ಆದರೆ ಎಲುಬು ಕೂಡಿಕೊಳ್ಳಲು ಅದಕ್ಕೂ ಆರು ವಾರ ಬೇಕೇ ಬೇಕು. ಕೈಪಳಗಿದವರು ಮಾಡಿದರೆ ಫಲ ಚೆನ್ನಾಗಿಯೇ ಇದೆ, ಪಳಗುವುದಕ್ಕೆ ಸಮಯ ಹಿಡಿಯುತ್ತದೆ. ನಿಮ್ಮ ಡಾಕ್ಟರಿಗೆ ತೆರೆದ ಆಪರೇಷನ್ ರೂಢಿಯಿದ್ದರೆ ಕೀಹೋಲ್ ಮಾಡಿ ಎಂದು ಒತ್ತಾಯ ಮಾಡಬೇಡಿ.

ಶುಗರ್ ಬಗ್ಗೆ ನಾನು ರಾಜಿ ಆಗುವುದಿಲ್ಲ. 8.4 ಇಟ್ಟುಕೊಂಡು ಈ ಆಪರೇಷನ್‌ಗೆ ದಿನ ಗೊತ್ತು ಮಾಡಬೇಡಿ. ಇದು ತುರ್ತಿನ ಆಪರೇಷನ್ ಅಲ್ಲ. ಶುಗರ್ ಜಾಸ್ತಿ ಇದ್ದಾಗ ಗಾಯ ಕೀವಾಗುವ, ಎಲುಬು ಕೂಡದೆ ಉಳಿಯುವ ಅಪಾಯ ಹೆಚ್ಚು. ಲ್ಯಾಪಿಡಸ್‌ನಲ್ಲಿ ಕೀಲು ಕೂಡಲೇಬೇಕಾದ್ದರಿಂದ ಅಲ್ಲಿ ಇದರ ಪೆಟ್ಟು ದೊಡ್ಡದು. 7.5ರ ಹತ್ತಿರಕ್ಕೆ ತನ್ನಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ, ಒಂದು ವಾರ ಪಥ್ಯ ಮಾಡಿದರೆ ಇಳಿಯುವುದಿಲ್ಲ. ಶೂ ಬದಲಾಯಿಸಿ ನೋಡಿ ಎಂದೆನಲ್ಲ, ಆ ಮೂರು ತಿಂಗಳು ಇದಕ್ಕೂ ಆಯಿತು. ಪಾದದ ನಾಡಿ ನೋಡಿಸಿ. ಅಂಗಾಲಿಗೆ ನೈಲಾನ್ ಎಳೆ ತಾಗಿಸಿ ಸ್ಪರ್ಶ ಇದೆಯೇ ಎಂದು ನೋಡುವ ಪರೀಕ್ಷೆ ಎರಡೇ ನಿಮಿಷದ್ದು, ಅದನ್ನೂ ಮಾಡಿಸಿ. ಸ್ಪರ್ಶ ಕಡಿಮೆಯಾಗಿದ್ದರೆ ಲೆಕ್ಕವೇ ಬದಲಾಗುತ್ತದೆ. ಆಗ ನನಗೆ ಮತ್ತೆ ಬರೆಯಿರಿ. ವಿಟಮಿನ್ ಡಿ ಕಡಿಮೆ ಇದ್ದರೆ ಸರಿಮಾಡಿಕೊಳ್ಳಿ.

ಆಪರೇಷನ್ ಆದಮೇಲೆ ಮನೆ ಹೇಗೆ ನಡೆಯುತ್ತದೆ ಎಂದು ಯೋಚಿಸಿಯೂ ಆಯ್ಕೆ ಮಾಡಬೇಕು. ಸ್ಕಾರ್ಫ್ ಆದರೆ ಮಾರನೇ ದಿನದಿಂದಲೇ ಗಟ್ಟಿ ಅಡಿಯ ವಿಶೇಷ ಶೂ ಹಾಕಿ ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ ಇಡಬಹುದು. ಬಾತ್‌ರೂಮಿಗೆ ಹೋಗಿಬರಲು ತೊಂದರೆಯಿಲ್ಲ. ಲ್ಯಾಪಿಡಸ್‌ನಲ್ಲಿ ಹಳೆಯ ಪದ್ಧತಿಯಂತೆ ಆರು ವಾರ ಆ ಕಾಲು ಊರುವಂತಿಲ್ಲ, ವಾಕರ್ ಬೇಕು. ಈಗಿನ ಪ್ಲೇಟ್‌ಗಳು ಗಟ್ಟಿ ಇರುವುದರಿಂದ ಕೆಲವು ಡಾಕ್ಟರು ಇನ್ನೂ ಬೇಗ ಬೂಟು ಹಾಕಿಸಿ ಊರಿಸುತ್ತಾರೆ. ನಿಮ್ಮ ಡಾಕ್ಟರು ಯಾವ ಪದ್ಧತಿಯವರು ಎಂದು ಮೊದಲೇ ಕೇಳಿ. ಎರಡರಲ್ಲೂ ಎರಡು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ದಿನದ ಹೆಚ್ಚಿನ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟಿರಬೇಕು. ಇದನ್ನು ಮಾಡದವರ ಕಾಲು ಬಾತು, ಹೊಲಿಗೆ ಎಳೆದುಕೊಂಡು, ಗಾಯ ತಡವಾಗಿ ಮಾಯುತ್ತದೆ.

ನಮ್ಮ ಮನೆಗಳಲ್ಲಿ ಬರಿಗಾಲಲ್ಲಿ ಓಡಾಡುವುದೇ ರೂಢಿ. ಆರು ವಾರ ಅದು ನಡೆಯದು. ದೇವರಮನೆಗೆ ಹೋಗುವಾಗಲೂ ಆ ಶೂ ಕಾಲಲ್ಲೇ ಇರಬೇಕು, ಅದನ್ನೊಂದು ಬ್ಯಾಂಡೇಜ್ ಎಂದುಕೊಳ್ಳಿ. ಹೊರಗೆ ಹಾಕದೆ ಮನೆಗೆಂದೇ ಇಟ್ಟುಕೊಂಡರೆ ಮಡಿಯ ಚಿಂತೆಯೂ ಇಲ್ಲ. ನೆಲದ ಮೇಲೆ ಕೂರುವುದು, ಇಂಡಿಯನ್ ಟಾಯ್ಲೆಟ್ ಎರಡೂ ಬೇಡ. ಕಮೋಡ್ ಇಲ್ಲದಿದ್ದರೆ ತೂತಿರುವ ಕಮೋಡ್ ಚೇರ್ ಕೊಂಡಿಟ್ಟುಕೊಳ್ಳಿ. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ.

ನೀವು ಟೀಚರ್ ಆಗಿರುವುದು ಇಲ್ಲಿ ಅನುಕೂಲ. ದಸರಾ ರಜೆ ಸಾಲುವುದಿಲ್ಲ. ಏಪ್ರಿಲಿನಲ್ಲಿ ಬೇಸಿಗೆ ರಜೆ ಶುರುವಾದ ತಕ್ಷಣ ಮಾಡಿಸಿಕೊಂಡರೆ ಮೇ ಕೊನೆಗೆ ಶಾಲೆ ತೆರೆಯುವ ಹೊತ್ತಿಗೆ ಆರು ವಾರ ಹತ್ತಿರ ಬರುತ್ತದೆ. ಆದರೆ ಆಗಲೇ ಇಡೀ ದಿನ ನಿಂತು ಪಾಠ ಮಾಡಲು ಆಗುವುದಿಲ್ಲ. ಹೆಡ್‌ಮಾಸ್ಟರ ಹತ್ತಿರ ಮೊದಲೇ ಮಾತಾಡಿ, ಜೂನ್ ತಿಂಗಳು ಕೂತು ಪಾಠ ಮಾಡುವ ಹಾಗೆ ನೋಡಿಕೊಳ್ಳಿ. ಲ್ಯಾಪಿಡಸ್ ಆದರೆ ಇನ್ನೂ ಒಂದು ತಿಂಗಳು ರಜೆ ಕೈಯಲ್ಲಿರಲಿ. ಬಾವು ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಶಾಲೆಯವರು ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗುವುದಿದ್ದರೆ ಆ ವರ್ಷದ ಡಿಸೆಂಬರಿನವರೆಗೆ ಮುಂದೂಡಲು ಹೇಳಿ, ಇಲ್ಲವೇ ನೀವು ಕೆಳಗೇ ಉಳಿಯಿರಿ. ಆ ಕಲ್ಲು ಮೆಟ್ಟಿಲುಗಳಲ್ಲಿ ಹತ್ತುವಾಗ ಹೆಬ್ಬೆರಳಿನ ಮೇಲೆ ಬೀಳುವ ಒತ್ತಡ ಕಡಿಮೆಯಲ್ಲ.

ಕೆಟ್ಟ ಸಾಧ್ಯತೆಗಳನ್ನೂ ಹೇಳುತ್ತೇನೆ. ಓರೆ ಮತ್ತೆ ಬರಬಹುದು. ಬೆರಳಿನ ಕೀಲು ಬಿಗಿಯಾಗಬಹುದು, ಅದಕ್ಕೇ ಡಾಕ್ಟರು ಹೇಳಿದ ದಿನದಿಂದ ಬೆರಳು ಮೇಲೆ ಕೆಳಗೆ ಮಾಡುವ ವ್ಯಾಯಾಮ ತಪ್ಪಿಸಬಾರದು. ಹೆಬ್ಬೆರಳಿನ ಒಳಪಕ್ಕ ಜೋಮು ಉಳಿಯಬಹುದು. ಅಪರೂಪಕ್ಕೆ ಬೆರಳು ವಿರುದ್ಧ ದಿಕ್ಕಿಗೆ ಓರೆಯಾಗುವುದೂ ಉಂಟು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಣ್ಣ ಅಪಾಯವಿದೆ. ಮೀನಖಂಡ ಬಾತು ನೋಯಲು ಶುರುವಾದರೆ ಅಥವಾ ಉಸಿರು ಕಟ್ಟಿದಂತಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸುಮಾರು ಹತ್ತರಲ್ಲಿ ಒಬ್ಬರು ಫಲಿತಾಂಶದಿಂದ ತೃಪ್ತರಾಗಿಲ್ಲ. ಉಳಿದ ಒಂಬತ್ತು ಜನರ ಮಾತು ಮಾತ್ರ ಕೇಳಿಕೊಂಡು ಆಪರೇಷನ್ ಟೇಬಲ್ ಹತ್ತಬೇಡಿ ಎಂದು ಇದನ್ನು ಹೇಳಿದೆ.

ಖರ್ಚಿನ ಬಗ್ಗೆ ಒಂದು ಮಾತು. ಇನ್ಶೂರೆನ್ಸ್ ಇದ್ದರೆ ದಿನ ಗೊತ್ತು ಮಾಡುವ ಮುಂಚೆ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಡಾಕ್ಟರ ಚೀಟಿಯಲ್ಲಿ ನೋವು, ದಡ್ಡು, ನಿಲ್ಲಲು ಆಗದಿರುವುದು, ನಿಂತು ತೆಗೆದ ಎಕ್ಸರೇಯ ಕೋನಗಳು, ಈವರೆಗೆ ಮಾಡಿದ ಚಿಕಿತ್ಸೆ, ಎಲ್ಲವೂ ಬರೆದಿರಲಿ. ಇವಿಲ್ಲದಿದ್ದರೆ ಇದನ್ನು ಸೌಂದರ್ಯದ ಆಪರೇಷನ್ ಎಂದು ತಳ್ಳಿಬಿಡುವ ಸಾಧ್ಯತೆಯಿದೆ.

ಕಾಲುಂಗುರವನ್ನು ಇವತ್ತೇ ತೆಗೆಸಿ. ಗಾಯವಾದ ಬೆರಳಲ್ಲಿ ಅದು ಇರಬಾರದು, ಶುಗರ್ ಇರುವವರಿಗಂತೂ ಖಂಡಿತ ಬೇಡ. ಸೋಪು ನೀರು ಹಾಕಿದರೂ ಬರದಿದ್ದರೆ ಎಳೆದಾಡದೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿ ತೆಗೆಸಿ. ಮನೆಯಲ್ಲಿ ಹಿರಿಯರು ಬೇಸರ ಮಾಡಿಕೊಂಡರೆ ಡಾಕ್ಟರು ಹೇಳಿದ್ದಾರೆ ಎಂದು ನನ್ನ ಮೇಲೆ ಹಾಕಿ. ಆಪರೇಷನ್ ಆಗಿ ಬಾವು ಇಳಿದ ಮೇಲೆ, ಕಡಿಮೆಯೆಂದರೆ ಆರು ತಿಂಗಳ ನಂತರ, ಹೊಸ ಅಳತೆಗೆ ಸಡಿಲವಾಗಿ ಮಾಡಿಸಿ ಹಾಕಿಕೊಳ್ಳಬಹುದು.

ಎರಡೂ ಕಾಲನ್ನು ಒಟ್ಟಿಗೇ ಮಾಡಿಸಬೇಡಿ. ಮನೆ ಕೆಲಸ, ಶುಗರ್ ಎರಡನ್ನೂ ನೋಡಿದರೆ ಒಂದೊಂದಾಗಿ ಮಾಡುವುದೇ ಸರಿ. ಮೊದಲು ಬಲಗಾಲು. ಆರರಿಂದ ಎಂಟು ವಾರ ಸ್ಕೂಟಿ ಓಡಿಸುವಂತಿಲ್ಲ, ಹಿಂದೆ ಕೂತು ಹೋಗುವುದೂ ಮೊದಲ ಎರಡು ವಾರ ಬೇಡ. ಎಡಗಾಲಿಗೆ ಈಗ ಅಗಲವಾದ ಶೂ ಸಾಕು. ಮುಂದಿನ ಬೇಸಿಗೆಗೂ ಅಲ್ಲಿ ನೋವಿಲ್ಲದಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ.